ಎದುರಿಗಿದ್ದ ಮಗುವಿನ ಅಂಗಿ

ನನ್ನ ಸೊಸೆ ಕಟಿಂಗ್ ಮೇಜಿನ ಮುಂದೆ ನಿಂತರೆ ಕೊರಳಲ್ಲಿನ ಟೇಪು ಬರೀ ಶೋಕಿಗೆ. ನಮ್ಮ ಹೊಲಿಗೆ ಅಂಗಡಿಯೊಳಗೆ ಕಾಲಿಟ್ಟವರನ್ನು ಒಮ್ಮೆ ನೋಡಿ ಎದೆ, ಸೊಂಟ, ತೋಳು ಎಲ್ಲ ಹೇಳಿಬಿಡುತ್ತಿದ್ದಳು. ನಲವತ್ತು ವರ್ಷ ಕತ್ತರಿ ಹಿಡಿದ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಹೆರಿಗೆಯಾಗಿ ಐದು ತಿಂಗಳಿಗೆ ಮಗುವಿನ ಜೊತೆ ಅಂಗಡಿಗೆ ಮರಳಿದಳು. ಹೊತ್ತುಹೊತ್ತಿಗೆ ಹಾಲು ಕೊಡುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು. ಮಗು ನಕ್ಕರೆ ಮಾತ್ರ ಗೋಡೆ ನೋಡುತ್ತಿದ್ದಳು. 'ಲೋಕದಲ್ಲಿ ಯಾರೂ ಹೆತ್ತೇ ಇಲ್ಲವೇನೋ, ಎಷ್ಟು ಸೊಕ್ಕು' ಎಂದು ನಾನು ಮಗನ ಹತ್ತಿರ ಗೊಣಗಿದ್ದೂ ಉಂಟು.

ಮೊನ್ನೆ ಮಿಕ್ಕ ಹತ್ತಿಬಟ್ಟೆಯಲ್ಲಿ ಮಗಳಿಗೊಂದು ಅಂಗಿ ಹೊಲಿದಳು. ಅಳತೆ ತೆಗೆಯಲಿಲ್ಲ, ಅವಳಿಗೆ ಅದೆಲ್ಲ ಯಾಕೆ? ಹೊಲಿಗೆ ಮುತ್ತು ಪೋಣಿಸಿದಂತಿತ್ತು. ತೊಡಿಸಿದರೆ ತೋಳು ಮೊಣಕೈಗೇ ನಿಂತಿತು, ಗುಂಡಿ ಸೇರಲೇ ಇಲ್ಲ. ಆಗಷ್ಟೇ ಹುಟ್ಟಿದ ಕೂಸಿನ ಅಳತೆ ಅದು.

"ಕಣ್ಣು ಎಲ್ಲಿಟ್ಟಿದ್ದೆಯೇ, ಮಹಾರಾಯ್ತಿ?" ಎಂದು ನಕ್ಕೆ.

ಅವಳು ನಗಲಿಲ್ಲ. "ಇವಳು ಇಷ್ಟು ದೊಡ್ಡವಳು ಯಾವಾಗ ಆದ್ಲು ಅತ್ತೆ?" ಎಂದಳು. "ದಿನಾ ಎತ್ಕೋತೀನಿ. ಆದ್ರೂ ನನ್ನ ಮಗು ಎಲ್ಲೋ ದೂರ ಇದೆ, ಯಾರಾದ್ರೂ ತಂದುಕೊಡ್ತಾರೆ ಅಂತ ಕಾಯ್ತಾ ಕೂತಿದೀನಿ ಅನ್ಸುತ್ತೆ. ಮುದ್ದು ಮಾಡ್ಬೇಕು ಅಂತ ಜೀವ ಬಡ್ಕೊಳ್ಳುತ್ತೆ, ಬರ್ತಾನೇ ಇಲ್ಲ. ನಾನೆಂಥ ತಾಯಿ?"

ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದಳು. ನಾಳೆ ಬಾರಮ್ಮ ಎಂದು ಸಾಗಹಾಕಿ ಬಾಗಿಲೆಳೆದುಕೊಂಡೆ.

"ಹೆತ್ತ ಮೇಲೆ ಕೆಲವರಿಗೆ ಬರೋ ಕಾಯಿಲೆ ಕಣೇ ಇದು, ನಿನ್ನ ತಪ್ಪಲ್ಲ. ಈಗ ಡಾಕ್ಟರ್ ಇದಾರೆ, ಔಷಧಿ ಇದೆ. ನಮ್ಮ ಕಾಲದಲ್ಲಿ ಸೊಕ್ಕು ಅಂತಿದ್ರು. ನಂಗೆ ಅಂದಿದ್ದನ್ನೇ ನಾನೂ ನಿಂಗೆ ಅಂದೆ ನೋಡು, ನನಗೆ ಬುದ್ಧಿ ಎಲ್ಲಿ ಹೋಗಿತ್ತು! ಮಗು ನನಗೆ ಕೊಡು, ಚಪ್ಪಲಿ ಹಾಕ್ಕೋ, ಈಗ್ಲೇ ಹೋಗೋಣ."

ಅವಳು ಕೂತಲ್ಲಿಂದ ಏಳಲಿಲ್ಲ. "ನಿಮಗೂ ಹೀಗಾಗಿತ್ತಾ?"

ಗಂಡನಿಗೂ ಹೇಳದ ಮಾತದು. ಅವಳ ಪಕ್ಕ ಕೂತು ಹೇಳಿದೆ.

"ನಿನ್ನ ಗಂಡ ಅಂಬೆಗಾಲಿಟ್ಟಿದ್ದು ನಂಗೆ ನೆನಪಿಲ್ಲ, ನಡೆಯೋಕೆ ಕಲಿತಿದ್ದೂ ನೆನಪಿಲ್ಲ. ನನ್ನ ಕಣ್ಣೆದುರೇ ಕಲಿತಿದಾನೆ. ಅದಕ್ಕೇ ಈಗ್ಲೂ ಅವನು ಕೆಲಸ ಮುಗಿಸಿ ಮನೆಯೊಳಗೆ ಬರೋವಾಗ, ಅವನ ಕಾಲನ್ನೇ ನೋಡ್ತಿರ್ತೀನಿ."