ವಾಯವ್ಯಕ್ಕೆ ಇಪ್ಪತ್ತೊಂದು ಮೈಲಿ

ಕಾಪುವಿನ ಕಡಲ ಕರೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುವ ಗಂಡಸು ಒಬ್ಬನೇ ಇದ್ದ, ಅವನು ಕೀರ್ತನ್. ಮೀನು ಹಿಡಿಯುವ ಮೊಗವೀರರ ಮನೆಯಲ್ಲಿ ಹುಟ್ಟಿದವನು ಹೀಗಾದರೆ ಊರು ಸುಮ್ಮನೆ ಬಿಡುತ್ತದೆಯೇ? ಹತ್ತು ವರ್ಷ ಅವನನ್ನು ಆಡಿಕೊಂಡು ನಕ್ಕಿತು. ಅವನು ಮಣಿಪಾಲದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕನಾಗಿ ಸೇರಿದ ಮೇಲೆ ಅದೇ ಊರು ಅವನನ್ನು ತಲೆಯ ಮೇಲೆ ಹೊತ್ತುಕೊಂಡಿತು. ಎರಡೂ ಅತಿಯೇ. ಆದರೆ ಎರಡನೆಯದು ಅವನಿಗೆ ಹಿತವಾಗಿತ್ತು, ತೊಂದರೆಯಾದದ್ದು ಅದರಿಂದಲೇ.

2004ರ ಬೇಸಿಗೆಯಲ್ಲಿ ಕೀರ್ತನ್ ಇಂಟರ್ನೆಟ್ಟಿನಿಂದ ಒಂದು ಪ್ರೋಗ್ರಾಂ ಇಳಿಸಿಕೊಂಡ. ಅಮೆರಿಕದ್ದು, ಪೂರ್ತಿ ಪುಕ್ಕಟೆ. ಮಳೆ ನೋಡುವ ರೇಡಾರುಗಳು ಕಳಿಸಿದ ಅಂಕಿಗಳನ್ನು ಅದು ಬಣ್ಣದ ಚಿತ್ರ ಮಾಡಿ ತೋರಿಸುತ್ತಿತ್ತು. ಹನಿಮಳೆಗೆ ಹಸಿರು, ಜೋರು ಮಳೆಗೆ ಹಳದಿ, ಗುಡುಗು ಸಿಡಿಲಿನ ಮೋಡಕ್ಕೆ ಕೆಂಪು. ಚಿತ್ರದ ಮೇಲೆ ಮೌಸ್ ಎಲ್ಲಿಟ್ಟರೂ ಆ ಜಾಗ ರೇಡಾರಿನಿಂದ ಯಾವ ದಿಕ್ಕಿಗೆ, ಎಷ್ಟು ಮೈಲಿ ದೂರ ಎಂದು ಕೆಳಗಿನ ಸಾಲಿನಲ್ಲಿ ಬರುತ್ತಿತ್ತು. ಕೊರತೆ ಒಂದೇ, ಅದಕ್ಕೆ ಸಿಗುತ್ತಿದ್ದದ್ದು ಆ ದೇಶದ ರೇಡಾರುಗಳ ಮಾಹಿತಿ ಮಾತ್ರ. ಕೀರ್ತನ್ ನಕ್ಷೆಯನ್ನು ಎಳೆದೆಳೆದು ಕಾಪುವಿಗೆ ತಂದು ನಿಲ್ಲಿಸಿದ. ಕರಾವಳಿಯ ಗೆರೆ ಬಂತು, ಅದರಾಚೆ ಕಡಲು ಕಪ್ಪಗೆ ಬಿದ್ದುಕೊಂಡಿತ್ತು. ಬಿಸಿಲಿರಲಿ, ಮಳೆ ಸುರಿಯಲಿ, ಅದು ಹಾಗೆಯೇ ಕಪ್ಪು.

"ಇದರಲ್ಲಿ ನಮ್ಮ ಊರಿನದ್ದು ಎಂತದೂ ಸಿಗುವುದಿಲ್ಲ ಕೀರ್ತನ್, ಸುಮ್ಮನೆ ಡಿಸ್ಕ್ ತುಂಬಿಸಬೇಡಿ" ಎಂದರು ಲ್ಯಾಬಿನ ಮುಖ್ಯಸ್ಥೆ ಲೊರ್ನಾ ಮೇಡಂ. ಅವನು ತಲೆಯಾಡಿಸಿದ, ಅಳಿಸಲಿಲ್ಲ. ಪ್ರೋಗ್ರಾಮಿನ ಜೊತೆ ನೋಡಿ ಕಲಿಯಲೆಂದು ಒಂದು ಮಾದರಿ ಫೈಲು ಬಂದಿತ್ತು. ಅಮೆರಿಕದ ನಡುವಿನ ಯಾವುದೋ ಬಯಲಿನಲ್ಲಿ ಯಾವತ್ತೋ ಬಂದುಹೋದ ಬಿರುಗಾಳಿ. ಅದರ ಚಂದಕ್ಕೆ ಮರುಳಾಗಿ ಕೀರ್ತನ್ ಬಣ್ಣದ ಪ್ರಿಂಟ್ ತೆಗೆದು ಮನೆಗೆ ತಂದ.

ಮನೆ ಎಂದರೆ ಅಕ್ಕನ ಮನೆ. ಅಪ್ಪ ಅಮ್ಮ ಹೋದ ಮೇಲೆ ಅಕ್ಕ ಗುಣವತಿ ಮತ್ತು ಭಾವ ಮುದ್ದಣ್ಣ ಅವನನ್ನು ಇಟ್ಟುಕೊಂಡು ಓದಿಸಿದವರು. ಊರೆಲ್ಲ ನಗುವಾಗ ನಗದೇ ಇದ್ದವನು ಭಾವ ಒಬ್ಬನೇ. ಒಮ್ಮೆ ದೋಣಿಯಲ್ಲಿ ಕರುಳು ಕಿತ್ತು ಬರುವ ಹಾಗೆ ಕಾರಿಕೊಂಡ ಹನ್ನೆರಡು ವರ್ಷದ ಕೀರ್ತನನನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ತಂದು, "ಇವನಿಗೆ ಕಡಲು ಬೇಡ, ಪುಸ್ತಕ ಕೊಡಿ" ಎಂದಿದ್ದ. ಅಂಥ ಭಾವ ಆ ಪ್ರಿಂಟನ್ನು ಬೆಳಕಿಗೆ ಹಿಡಿದು, "ಇದು ನಮ್ಮ ಕಡಲಾ?" ಎಂದು ಕೇಳಿದಾಗ ಕೀರ್ತನ್ ಹೂಂ ಎಂದುಬಿಟ್ಟ. ಒಂದು ಹೂಂ ಅಷ್ಟೇ. ಭಾವ ಅದನ್ನು ಬಲೆ ಇಡುವ ಕೊಟ್ಟಿಗೆಯ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿದ. ಮರುದಿನ ಮಳೆ ಬಂತು. ಜೂನ್ ತಿಂಗಳಲ್ಲಿ ಕಾಪುವಿನಲ್ಲಿ ಮಳೆ ಬರುತ್ತದೆ ಎನ್ನುವುದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ, ಆದರೆ ಮಾತು ಹಬ್ಬಿತು. ಮಣಿಪಾಲದ ಮೆಷಿನಿನಲ್ಲಿ ಕೀರ್ತನನಿಗೆ ಇಡೀ ಕಡಲು ಕಾಣುತ್ತದಂತೆ.

ಸೆಪ್ಟೆಂಬರ್ ಕೊನೆಯ ಸೋಮವಾರ ಮಧ್ಯಾಹ್ನ ಮುದ್ದಣ್ಣ ಬಲೆ ಬಿಡಲು ಹೋದ. ಜೊತೆಗೆ ಇದ್ದವನು ಹನುಮೇಶ, ಕೊಪ್ಪಳದ ಕಡೆಯವನು, ಮೂರು ವರ್ಷದಿಂದ ಅವನ ದೋಣಿಯಲ್ಲಿ ದುಡಿಯುತ್ತಿದ್ದ. ಸಂಜೆಗೆ ಗಾಳಿ ತಿರುಗಿತು. ರಾತ್ರಿಯಿಡೀ ತೆಂಗಿನ ಮರಗಳು ಬಗ್ಗಿ ಬಗ್ಗಿ ಎದ್ದವು. ಮಂಗಳವಾರ ಬೆಳಿಗ್ಗೆ ಬೇರೆ ಎಲ್ಲ ದೋಣಿಗಳೂ ಬಂದವು, ಅದೊಂದು ಬರಲಿಲ್ಲ.

ಒಂದು ದೋಣಿ ಬಾರದಿದ್ದರೆ ಅಲ್ಲಿ ಯಾರೂ ಬಲೆ ಬಿಡುವುದಿಲ್ಲ. ಎಂಜಿನ್ನಿಗೆಂದು ಎಲ್ಲರ ಮನೆಯ ಸೀಮೆಎಣ್ಣೆ ಒಂದೆಡೆ ಸೇರಿಸಿ, ಎಲ್ಲ ದೋಣಿಗಳೂ ಹುಡುಕಲು ಹೊರಡುತ್ತವೆ. ಅವತ್ತು ಹತ್ತಿರದಲ್ಲೆಲ್ಲ ಜಾಲಾಡಿ ಸಂಜೆ ಬರಿಗೈಯಲ್ಲಿ ಬಂದರು. ಉಳಿದ ಎಣ್ಣೆ ಹನ್ನೊಂದು ದೋಣಿಗಳನ್ನು ಒಂದೇ ದಿಕ್ಕಿಗೆ ದೂರ ಕಳಿಸುವಷ್ಟಿತ್ತು. ಜಾತಿಯ ಹಿರಿಯರಾದ ಗುರಿಕಾರ ಕುಂದರರು ಮೊಣಕಾಲಿನವರೆಗೆ ನೀರಿನಲ್ಲಿ ನಿಂತು ಬಹಳ ಹೊತ್ತು ನೋಡಿದರು. ಅವರಿಗೆ ಎಪ್ಪತ್ತು ದಾಟಿತ್ತು, ಅದರಲ್ಲಿ ಐವತ್ತೈದು ವರ್ಷ ಕಡಲಿನಲ್ಲಿ ಕಳೆದವರು.

"ನೀರು ತೆಂಕಕ್ಕೆ ಓಡ್ತಾ ಉಂಟು" ಎಂದು ದಕ್ಷಿಣದ ಕಡೆ ಕೈ ತೋರಿಸಿದರು. "ನಾಳೆ ಎಲ್ಲರೂ ತೆಂಕಕ್ಕೆ ಹೋಗುವ. ಮೂಲ್ಕಿಯ ಆಚೆವರೆಗೂ ನೋಡುವ."

ಆಗ ಗುಣವತಿ ತಮ್ಮನ ತೋಳು ಹಿಡಿದಳು. "ಹೋಗುವ ಮೊದಲು ಇವನ ಮೆಷಿನಿನಲ್ಲಿ ಒಮ್ಮೆ ನೋಡಿದರೆ ಆಗುವುದಿಲ್ವಾ?"

ಸುತ್ತ ನಿಂತವರೆಲ್ಲ ಕೀರ್ತನನ ಕಡೆ ತಿರುಗಿದರು. ಹೇಳಬೇಕಾದದ್ದು ಆಗಲೇ. ಅದು ಮಳೆಯ ರೇಡಾರು, ದೋಣಿ ನೋಡುವುದಲ್ಲ. ನಮ್ಮ ಮಳೆಯದ್ದೂ ಅಲ್ಲ, ನಾನು ಸುಮ್ಮನೆ ಕೊಚ್ಚಿಕೊಂಡದ್ದು. ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು. ಅವನು "ಆಯ್ತು, ನೋಡುವ" ಎಂದ. ನಾಳೆ ಕರೆದುಕೊಂಡು ಹೋಗಿ ಕಪ್ಪು ಪರದೆ ತೋರಿಸುವುದು, ಎಂತದೂ ಕಾಣುವುದಿಲ್ಲ ಎನ್ನುವುದು, ಅವರು ತೆಂಕಕ್ಕೆ ಹೋಗುತ್ತಾರೆ, ತನ್ನ ಮರ್ಯಾದೆಯೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದ. ಭಾವ ನೀರಿನಲ್ಲಿರುವಾಗ ಮರ್ಯಾದೆಯ ಲೆಕ್ಕ.

ಬುಧವಾರ ಮೊದಲ ಬಸ್ಸಿಗೆ ಕೀರ್ತನ್, ಅಕ್ಕ, ಗುರಿಕಾರರು ಮೂವರೂ ಹೊರಟರು. ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸು ಹತ್ತಿದರು. ಅಕ್ಕ ದಾರಿಯುದ್ದಕ್ಕೂ ಎದುರಿನ ಸೀಟಿನ ಕಂಬಿ ಹಿಡಿದುಕೊಂಡೇ ಇದ್ದಳು. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಲೊರ್ನಾ ಮೇಡಂ ಮದುವೆಯೆಂದು ಕಾರ್ಕಳಕ್ಕೆ ಹೋಗಿದ್ದರು. ಅವರಿದ್ದಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು.

ಗುರಿಕಾರರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಕೀರ್ತನ್ ಪ್ರೋಗ್ರಾಂ ತೆಗೆದ. ಕಾಪುವಿನ ಗೆರೆ, ಆಚೆ ಕಪ್ಪು.

"ಇದು ಲೈಟ್‌ಹೌಸ್ ಇರುವ ಜಾಗ" ಎಂದ. "ಇದು ಕಡಲು. ಎಂತದೂ ಕಾಣುವುದಿಲ್ಲ ಅಕ್ಕ."

"ಎಂತದೂ ಇಲ್ವಾ?"

"ಇಲ್ಲ."

ಗುಣವತಿ ಪರದೆಯ ಹತ್ತಿರ ಮುಖ ತಂದು ನೋಡಿದಳು. ಕಪ್ಪಿನಲ್ಲಿ ಅವಳದೇ ಮುಖ ಕಾಣುತ್ತಿತ್ತು. "ಹಾಗಾದರೆ ಮುಳುಗಿತು" ಎಂದಳು, ಯಾರಿಗೂ ಅಲ್ಲದ ಹಾಗೆ. ಗುರಿಕಾರರು ಅವಳನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಕೀರ್ತನನಿಗೆ ದಿಗಿಲಾಯಿತು. ಕಪ್ಪು ಎಂದರೆ ಮಾಹಿತಿ ಇಲ್ಲ ಎಂದಷ್ಟೇ ಅರ್ಥ, ದೋಣಿ ಇಲ್ಲ ಎಂದಲ್ಲ. ಆದರೆ ಅದನ್ನು ಬಿಡಿಸಿ ಹೇಳಿದರೆ ಮೊದಲಿನಿಂದ ಎಲ್ಲವನ್ನೂ ಬಿಡಿಸಬೇಕು.

"ನಿಲ್ಲು ಅಕ್ಕ, ಇನ್ನೊಂದು ಉಂಟು" ಎಂದವನೇ ಆ ಮಾದರಿ ಫೈಲು ತೆರೆದ. ಅಮೆರಿಕದ ನಕ್ಷೆ ಕಾಣದ ಹಾಗೆ ಗೆರೆಗಳನ್ನೆಲ್ಲ ತೆಗೆದುಹಾಕಿದ. ಪರದೆಯ ತುಂಬ ಹಸಿರು, ಹಳದಿ, ಕೆಂಪು ಹರಡಿತು. ಅಕ್ಕನ ಮುಖಕ್ಕೆ ಜೀವ ಬಂತು. ಅವನಿಗೆ ಬೇಕಾದದ್ದು ಅಷ್ಟೇ ಆಗಿತ್ತು. ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದ.

ಅವಳು ಬೆರಳಿಟ್ಟಳು. ಬಣ್ಣಗಳಿಂದ ದೂರ, ಮೇಲೆ ಎಡಗಡೆ, ಒಂಟಿಯಾಗಿ ಒಂದು ಹಸಿರು ಚುಕ್ಕೆ. "ಇದೆಂತ?"

ಕೀರ್ತನ್ ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿದ.

"ಇದು ದೋಣಿ ಅಲ್ವಾ? ಹೇಳು ಮಾರಾಯ."

"ಇರಬಹುದು" ಎಂದ.

ಗುರಿಕಾರರು ಕನ್ನಡಕ ಹಾಕಿಕೊಂಡು ಬಗ್ಗಿದರು. "ಎಷ್ಟು ದೂರ ಉಂಟು?" ಕೀರ್ತನನ ಕೈ ತಾನಾಗಿಯೇ ಮೌಸನ್ನು ಚುಕ್ಕೆಯ ಮೇಲೆ ತಂದಿತು. ಮುನ್ನೂರ ಹನ್ನೆರಡು ಡಿಗ್ರಿ, ಇಪ್ಪತ್ತೊಂದು ಮೈಲಿ. ಅಮೆರಿಕದ ಯಾವುದೋ ರೇಡಾರಿನಿಂದ ಎಣಿಸಿದ್ದನ್ನು ಕಾಪುವಿನಿಂದಲೇ ಎನ್ನುವ ಹಾಗೆ ಅವನು ಓದಿ ಹೇಳಿದ. ಗುರಿಕಾರರು ಬಸ್ ಟಿಕೆಟಿನ ಹಿಂದೆ ಬರೆದುಕೊಂಡರು. ವಾಯವ್ಯ. ಅವರ ನೀರು ಓಡುತ್ತಿದ್ದ ದಿಕ್ಕಿಗೆ ಬಹುಮಟ್ಟಿಗೆ ಬೆನ್ನು.

"ನಾನು ತೆಂಕಕ್ಕೆ ಅಂತ ಇದ್ದೆ" ಎಂದರು ಮೆಲ್ಲಗೆ. "ನೀರು ಹಾಗೆ ಹೇಳಿತು ನನಗೆ." ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಅವರು ಕಾಯುತ್ತಿದ್ದರು ಎಂದು ಕೀರ್ತನನಿಗೆ ಆಮೇಲೆ ಅನಿಸಿತು. ಹೌದು ಗುರಿಕಾರ್ರೆ, ತೆಂಕಕ್ಕೇ ಹೋಗಿ ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಕಾರಣ ಕೂಡ ಕೇಳುತ್ತಿರಲಿಲ್ಲ. ಅವನು ಮೌಸಿನ ಮೇಲಿನ ಕೈ ತೆಗೆಯಲಿಲ್ಲ.

"ಆಯ್ತು. ನಾವು ಕಣ್ಣಲ್ಲಿ ನೋಡುವವರು, ನೀವು ಓದಿದವರು" ಎಂದು ಗುರಿಕಾರರು ಟಿಕೆಟನ್ನು ಕಿಸೆಗೆ ಹಾಕಿಕೊಂಡರು.

ಅವತ್ತು ಮಧ್ಯಾಹ್ನ ಹನ್ನೊಂದು ದೋಣಿಗಳು ವಾಯವ್ಯಕ್ಕೆ ಹೋದವು. ಕೀರ್ತನ್ ದಡದಲ್ಲಿ ನಿಂತು ಒಂದೊಂದೂ ಮರೆಯಾಗುವುದನ್ನು ನೋಡಿದ. ಯಾರಾದರೂ ಒಬ್ಬ ತೆಂಕಕ್ಕೂ ಹೋದಾನು ಎಂದು ಆಸೆಪಟ್ಟ. ಯಾರೂ ಹೋಗಲಿಲ್ಲ. ಗುರಿಕಾರರ ಮಾತು ಮೀರುವ ಪದ್ಧತಿ ಅಲ್ಲಿರಲಿಲ್ಲ. ರಾತ್ರಿ ಅಲ್ಲಿಯೇ ಲಂಗರು ಹಾಕಿ ಗುರುವಾರವೂ ಹುಡುಕಿ, ಎಣ್ಣೆ ತೀರುತ್ತ ಬಂದದ್ದರಿಂದ ಅವತ್ತು ಸಂಜೆ ವಾಪಸಾದರು. ಆ ಎರಡು ದಿನ ಗುಣವತಿ ಒಂದು ಬಗೆಯ ನೆಮ್ಮದಿಯಲ್ಲಿದ್ದಳು. ಅನ್ನ ಮಾಡಿದಳು, ನೆರೆಯವರಿಗೆಲ್ಲ ಚುಕ್ಕೆಯ ವಿಷಯ ಹೇಳಿದಳು.

ಶುಕ್ರವಾರ ಬೆಳಿಗ್ಗೆ ಮೂಲ್ಕಿಯಿಂದ ಫೋನ್ ಬಂತು. ಅಲ್ಲಿಯವರು ಮೀನಿಗೆ ಹೋದಾಗ ಮಗುಚಿದ ದೋಣಿಯೊಂದು ಸಿಕ್ಕಿತ್ತು. ಅದರ ಬೆನ್ನ ಮೇಲೆ ಒಬ್ಬನಿಗೆ ಜೀವವಿತ್ತು. ಇನ್ನೊಬ್ಬನನ್ನು ಬಲೆಯ ಹಗ್ಗದಿಂದ ದೋಣಿಗೆ ಕಟ್ಟಲಾಗಿತ್ತು, ಅವನಿಗೆ ಜೀವ ಇರಲಿಲ್ಲ.

ಹನುಮೇಶನನ್ನು ಉಡುಪಿಯ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ತುಟಿ ಒಡೆದು, ಉಪ್ಪಿನಿಂದ ಮೈಯೆಲ್ಲ ಸುಲಿದಿತ್ತು. ಗುಣವತಿ, ಗುರಿಕಾರರು, ಕೀರ್ತನ್ ಮಂಚದ ಸುತ್ತ ನಿಂತರು. ಅವನು ಕಷ್ಟಪಟ್ಟು ಮಾತಾಡಿದ.

"ಅಣ್ಣಾರು ಗುರುವಾರ ಸಂಜಿಮಟಾ ಇದ್ರಕ್ಕಾ" ಎಂದ. "ನನ್ನ ಕೈ ಬಿಡಲಾರ್ದಂಗ ಹಿಡ್ಕೊಂಡಿದ್ರು. ಮಳಿನೀರು ಅಂಗೈಯಾಗ ಹಿಡದು ಕುಡಿಸಿದ್ರು. ಹೆದರಬ್ಯಾಡ ಹನುಮ್ಯಾ, ಗುರಿಕಾರ್‌ಗೆ ನೀರಿನ ದಾರಿ ಗೊತ್ತೈತಿ, ತೆಂಕಕ್ಕ ಬಂದ ಬರ್ತಾರ ಅಂತಿದ್ರು. ಮೂರೂ ದಿನ ಅದನ್ನ ಅಂದ್ರು. ಎಲ್ಲಿ ಎಂಜಿನ್ ಸಪ್ಪಳ ಕೇಳಿದಂಗಾದ್ರೂ ತಲಿ ಎತ್ತಿ ನೋಡತಿದ್ರು. ಗುರುವಾರ ಹೊತ್ತು ಮುಣುಗುವಾಗ ತಲಿ ಎತ್ತಲಿಲ್ಲ. ಮನಿಗಾದ್ರೂ ಮುಟ್ಟಲಿ ಅಂತ ನಾನಽ ಕಟ್ಟಿದೆ."

ಗುರಿಕಾರರು ಗೋಡೆ ಹಿಡಿದುಕೊಂಡು ಹೊರಗೆ ಹೋದರು. ಕೀರ್ತನನಿಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕು, ಅದು ತನಗಿಲ್ಲ ಎಂದು ಅನಿಸಿತು. ಬುಧವಾರ ಮಧ್ಯಾಹ್ನ ಹೊರಟ ದೋಣಿಗಳು ತೆಂಕಕ್ಕೆ ಹೋಗಿದ್ದರೆ ಗುರುವಾರ ಬೆಳಕಿರುವಾಗಲೇ ಅಲ್ಲಿಗೆ ಮುಟ್ಟುತ್ತಿದ್ದವು. ಈ ಲೆಕ್ಕವನ್ನು ಅವನು ಆ ದಿನದಿಂದ ಎಷ್ಟು ಸಲ ಮಾಡಿದನೋ, ಪ್ರತಿ ಸಲವೂ ಭಾವ ಬದುಕುತ್ತಿದ್ದ.

ಬೊಜ್ಜದ ದಿನ, ಸತ್ತವನ ಕೊನೆಯ ಕ್ರಿಯೆ ಮುಗಿದು ಊರೆಲ್ಲ ಚಪ್ಪರದಲ್ಲಿ ಸೇರಿದಾಗ, ಗುರಿಕಾರರು ಎದ್ದು ನಿಂತರು. "ನೀರು ತೆಂಕಕ್ಕೆ ಓಡುವುದು ನನಗೆ ಕಂಡಿತ್ತು. ಕಂಡೂ ನಾನು ದೋಣಿಗಳನ್ನು ಬೇರೆ ಕಡೆಗೆ ಕಳಿಸಿದೆ. ತಪ್ಪು ನನ್ನದು. ಇನ್ನು ಗುರಿಕಾರಿಕೆ ನನಗೆ ಬೇಡ, ಬೇರೆಯವರನ್ನು ನೋಡಿಕೊಳ್ಳಿ" ಎಂದರು. ಹಿಂದಿನ ಸಾಲಿನಲ್ಲಿ ಯಾರೋ, ವಯಸ್ಸಾಯಿತು, ಮೊದಲೇ ಬಿಡಬೇಕಿತ್ತು ಎಂದು ಗೊಣಗಿದರು. ಗುರಿಕಾರರಿಗೆ ಅದು ಕೇಳಿಸಿತು, ಎಲ್ಲರಿಗೂ ಕೇಳಿಸಿತು. ಕೀರ್ತನ್ ನೀರು ಬಡಿಸುವ ಚೊಂಬು ಹಿಡಿದು ನಿಂತಿದ್ದ. ಗುರಿಕಾರರು ಅವನ ಹೆಸರನ್ನು ಎತ್ತಲಿಲ್ಲ. ಕೈ ತೊಳೆದು ಬಂದು ಅವನ ಬೆನ್ನು ಸವರಿ, "ನೀನು ನಿನ್ನ ಕೈಯಲ್ಲಿ ಆದದ್ದು ಮಾಡಿದೆ ಮಗ" ಎಂದರು.

ಕೀರ್ತನ್ ಅಡುಗೆಮನೆಗೆ ಹೋದ. ಗುಣವತಿ ಒಬ್ಬಳೇ ಇದ್ದಳು. ಅಲ್ಲಿಯೇ ನೆಲದ ಮೇಲೆ ಕುಕ್ಕರಿಸಿ ಎಲ್ಲವನ್ನೂ ಹೇಳಿದ. ಪ್ರಿಂಟು, ಕಪ್ಪು ಪರದೆ, ಮಾದರಿ ಫೈಲು, ಒಂದನ್ನೂ ಬಿಡಲಿಲ್ಲ. ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಡದೆ ಕೇಳಿದಳು.

"ಹಾಗಾದರೆ ಆ ಚುಕ್ಕೆ ಎಂತ?"

"ಗೊತ್ತಿಲ್ಲ ಅಕ್ಕ. ಅಲ್ಲಿಯ ಗುಡ್ಡವೋ, ನೀರಿನ ಟಾಂಕಿಯೋ. ನನಗೆ ಗೊತ್ತಿಲ್ಲ."

"ಇದೇ ಮಾತನ್ನು ಆ ದಿವಸ ಹೇಳಲಿಕ್ಕೆ ನಿನಗೆ ಎಂತ ಆಗಿತ್ತು?"

ಹೊಡೆದರೆ ಸಾಕು ಎಂದು ಅವನು ಕಾದ. ಅವಳು ಹೊಡೆಯಲಿಲ್ಲ. ಎರಡು ದಿನ ಆ ಚುಕ್ಕೆಯನ್ನು ಗಂಡನೆಂದು ನಂಬಿ ಅನ್ನ ಬೇಯಿಸಿದ್ದವಳು, ತಮ್ಮನನ್ನು ಪರಿಚಯವಿಲ್ಲದವನ ಹಾಗೆ ನೋಡಿದಳು.

"ಗುರಿಕಾರ್ರು ಹೊರಟಿದ್ದಾರೆ" ಎಂದಳು ಕೊನೆಗೆ. "ಜನ ಇನ್ನೂ ಉಂಟು. ಹೋಗಿ ಎಲ್ಲರ ಎದುರು ಹೇಳು."

ಅವನು ಎದ್ದು ಅಂಗಳಕ್ಕೆ ಬಂದ. ಗುರಿಕಾರರು ಚಪ್ಪರ ದಾಟಿ ಹೊಯಿಗೆಯಲ್ಲಿ ಕಾಲು ಹೂತು ಹೂತು ನಿಧಾನವಾಗಿ ನಡೆದುಹೋಗುತ್ತಿದ್ದರು. ಎದುರಾದವರು ಅವರಿಗೆ ದಾರಿ ಬಿಟ್ಟರು, ಮಾತಾಡಿಸಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರವಿದ್ದರು. ಹಿಂದೆ ಬಾಗಿಲಿಗೆ ಬಂದು ಗುಣವತಿ ನಿಂತದ್ದು ಕೀರ್ತನನಿಗೆ ಗೊತ್ತಾಯಿತು. ಅವನು ಬಾಯಿ ತೆರೆದ. ಗುರಿಕಾರರು ತೆಂಗಿನ ಮರಗಳ ಹತ್ತಿರ ಮುಟ್ಟಿದರು, ಆಮೇಲೆ ಓಣಿಗೆ ತಿರುಗಿದರು. ಅಕ್ಕ ಇನ್ನೂ ಸ್ವಲ್ಪ ಹೊತ್ತು ಕಾದಳು. ಅವನು ಕರೆಯಲಿಲ್ಲ.