ಗರಗಸದ ಎಣ್ಣೆ

ಮನೆ ಬೆಚ್ಚಗಿಡುವ ಸ್ಟೋವಿನ ಪ್ಲಗ್ ಕಿತ್ತು, ಅದು ತಣ್ಣಗಾಗುವವರೆಗೆ ನಾನೂ ಅತ್ತಿಗೆ ಒಡೆಟ್‌ಳೂ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತೆವು. ಇಬ್ಬರೂ ಕೋಟು ತೆಗೆದಿರಲಿಲ್ಲ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿತ್ತು. ಒಳಗೆ ಎಷ್ಟಿತ್ತೋ, ನೋಡಲಿಲ್ಲ.

"ಬೆಳಿಗ್ಗೆ ಐದಕ್ಕೆ ಜೋರಾಗಿ ಕಿರುಚ್ತು. ಆರಕ್ಕೆ ಸುಮ್ಮನಾಯ್ತು. ಆಮೇಲೆ ಬೆಂಕಿನೂ ಹೋಯ್ತು," ಎಂದಳು.

ಗಾಳಿ ಊದುವ ಮೋಟರ್ ನಿಂತರೆ ಶಾಖ ಕೋಣೆಗೆ ಬರುವುದಿಲ್ಲ, ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಹೆಚ್ಚು ಕಾದರೆ ಸ್ಟೋವ್ ತಾನಾಗಿ ಮರದ ಹೊಟ್ಟಿನ ಪೆಲೆಟ್ ಗುಳಿಗೆಗಳನ್ನು ಬೆಂಕಿಗೆ ಬೀಳಿಸುವುದನ್ನು ನಿಲ್ಲಿಸಿಬಿಡುತ್ತದೆ. ನಮ್ಮಿಬ್ಬರಿಗೂ ಗೊತ್ತಿದ್ದ ವಿಷಯ. ಮಾತಾಡಲು ಅದೂ ಇರಲಿಲ್ಲ.

ಮನೆಗೆಲ್ಲ ಶಾಖ ಕೊಡುತ್ತಿದ್ದ ನೆಲಮಾಳಿಗೆಯ ಹಳೆಯ ಒಲೆಯನ್ನು ನನ್ನ ಅಣ್ಣ ಫೆರ್ನಾಂಡ್ ಎರಡು ವರ್ಷದ ಹಿಂದೆಯೇ ಕಿತ್ತುಹಾಕಿದ್ದ. ಹೊಸ ಮೋಟರ್ ಗುರುವಾರ ಬರುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಅಂದು ಸೋಮವಾರ. ಕತ್ತಲಾಗುವ ಮೊದಲು ಸ್ಟೋವ್ ಹತ್ತದಿದ್ದರೆ ಕೊಳವೆಗಳು ಹೆಪ್ಪುಗಟ್ಟಿ ಒಡೆಯದ ಹಾಗೆ ನೀರನ್ನೆಲ್ಲ ಹೊರಗೆ ಬಿಟ್ಟು ಮನೆಗೆ ಬೀಗ ಹಾಕಬೇಕು. ಬ್ಯಾಂಗರ್‌ನಲ್ಲಿದ್ದ ಒಡೆಟ್‌ಳ ಅಕ್ಕ ಲೂಸಿಲ್ ಆಗಲೇ ಹಾಸಿಗೆ ಸಿದ್ಧಮಾಡಿದ್ದಳು. ನಾಲ್ಕು ಗಂಟೆಗೆ ಫೋನ್ ಮಾಡುತ್ತೇನೆ, ಸ್ಟೋವ್ ಸರಿಹೋಗದಿದ್ದರೆ ಮಗನನ್ನು ಕಾರು ಕೊಟ್ಟು ಕಳಿಸುತ್ತೇನೆ ಎಂದಿದ್ದಳಂತೆ. ಲೂಸಿಲ್ ಒಮ್ಮೆ ಕರೆದುಕೊಂಡು ಹೋದರೆ ಚಳಿಗಾಲ ಮುಗಿಯುವತನಕ ಬಿಡುವವಳಲ್ಲ.

ಒಡೆಟ್‌ಳಿಗೆ ಹೋಗುವುದು ಬೇಕಿರಲಿಲ್ಲ. ಫೆರ್ನಾಂಡ್ ಜನವರಿ ಹನ್ನೊಂದಕ್ಕೆ ತೀರಿಕೊಂಡಿದ್ದ. ನೆಲ ಅಗೆಯಲಾಗದ ಹಾಗೆ ನಾಲ್ಕಡಿ ಹೆಪ್ಪುಗಟ್ಟಿತ್ತು. ಚರ್ಚಿನ ಹಿಂದಿನ ಕಲ್ಲುಕೋಣೆಯಲ್ಲಿ, ಈ ಚಳಿಗಾಲದಲ್ಲಿ ಹೋದ ಇನ್ನು ಮೂವರ ಜೊತೆ, ಅವನ ಶವಪೆಟ್ಟಿಗೆ ಮೇ ತಿಂಗಳಿಗಾಗಿ ಕಾಯುತ್ತಿತ್ತು. ಅಡುಗೆಮನೆಯ ಕಿಟಕಿಯಿಂದ ಆ ಕೋಣೆಯ ಹಸಿರು ಬಾಗಿಲು ಕಾಣುತ್ತದೆ. "ಅವನು ಮಣ್ಣು ಸೇರೋತನಕ ನಾನು ಎಲ್ಲೂ ಹೋಗಲ್ಲ," ಎಂದು ಅವಳು ಒಂದೇ ಸಲ ಹೇಳಿದ್ದಳು. ಎರಡನೆಯ ಸಲ ಯಾರೂ ಕೇಳಲಿಲ್ಲ.

ಒಂದು ಗಂಟೆಗೆ ಪಕ್ಕದ ಮನೆಯ ರೋಸೇರ್ ಬಂದ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೋಟರ್ ನೋಡಿಕೊಂಡವನು. ಅಷ್ಟರಲ್ಲಿ ನಾನು ಪಕ್ಕದ ತಗಡು ಬಿಚ್ಚಿ, ಎರಡು ತಂತಿ ಕಳಚಿ, ನಾಲ್ಕು ಸ್ಕ್ರೂ ತೆಗೆದು ಮೋಟರನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟಿದ್ದೆ. ಫ್ಯಾನಿನ ಸಂದುಗಳಲ್ಲಿ ಬೂದಿಯೂ ನಾಯಿಯ ಕೂದಲೂ ಸೇರಿ ಕಂಬಳಿಯ ಹಾಗೆ ಕೂತಿತ್ತು.

"ಏನಪ್ಪಾ ಕ್ಲೋವಿಸ್, ಮೋಟರ್ ಬಿಚ್ಚಿದೀಯೋ, ಮೊಲ ಸುಲಿದಿದೀಯೋ?" ಎಂದ ರೋಸೇರ್.

"ಬ್ರಷ್ ಕೊಡು."

"ಕೊಡ್ತೀನಿ ಮಾರಾಯ. ಆ ಫ್ಯಾನಿನ ಮೇಲಿರೋ ಸಣ್ಣ ಕ್ಲಿಪ್ ಕೀಳ್ಬೇಡ. ಅದು ತೂಕ ಸಮ ಮಾಡೋಕೆ ಇರೋದು. ನಿನ್ನ ಕೈಗೆ ಸಿಕ್ಕಿದ್ದೆಲ್ಲ ಮರ ಅಂದ್ಕೋಬೇಡ."

ಫ್ಯಾನ್ ಉಜ್ಜಿ ಧೂಳೆಲ್ಲ ತೆಗೆದ ಮೇಲೆ ಅವನು ಒಂದು ವೈರಿನಿಂದ ಮೋಟರಿಗೆ ನೇರವಾಗಿ ಕರೆಂಟು ಕೊಟ್ಟ. ಅದು ಗುಂಯ್ ಎಂದಿತು, ತಿರುಗಲಿಲ್ಲ. "ಸ್ಟೋವ್‌ದು ತಪ್ಪಿಲ್ಲ, ಇದರದ್ದೇ," ಎಂದು ವೈರು ತೆಗೆದ. ಕೈಯಿಂದ ತಿರುಗಿಸಿದೆ. ಕಾಕಂಬಿಯಲ್ಲಿ ಸಿಕ್ಕಿಕೊಂಡ ಚಮಚದ ಹಾಗೆ ತಿರುಗಿ ನಿಂತಿತು.

ರೋಸೇರ್ ಎಣ್ಣೆ ಬಿಡುವ ತೂತಿಗೆ ಕಡ್ಡಿ ಹಾಕಿ ಎಳೆದ. ಕಡ್ಡಿಯ ತುದಿಯಿಂದ ಕಂದು ಬಣ್ಣದ ಒಂದು ಎಳೆ ಜೋತುಬಿತ್ತು. ತುಂಡಾಗಲಿಲ್ಲ. ಉದ್ದವಾಗುತ್ತಲೇ ಹೋಯಿತು.

ಆ ಎಳೆ ಕಂಡಾಗ ನನಗೆ ಅಕ್ಟೋಬರ್ ನೆನಪಾಯಿತು. ಆಸ್ಪತ್ರೆಯಿಂದ ಬಂದ ಫೆರ್ನಾಂಡ್ ಕುರ್ಚಿಯಲ್ಲಿ ಕೂತು, "ಮೋಟರಿಗೆ ಎರಡೆರಡು ಹನಿ ಬಿಟ್ಬಿಡೋ, ಚಳಿ ಶುರುವಾಗೋಕೆ ಮುಂಚೆ," ಎಂದಿದ್ದ. ಸಣ್ಣ ಡಬ್ಬಿ ನೆಲಮಾಳಿಗೆಯ ಹಲಗೆಯ ಮೇಲಿದೆ ಎಂದೂ ಹೇಳಿದ್ದ. ನಾನು ನೆಲಮಾಳಿಗೆಗೆ ಇಳಿಯಲಿಲ್ಲ. ನನ್ನ ಗಾಡಿಯಲ್ಲಿ ಗರಗಸದ ಸರಪಳಿಗೆ ಹಾಕುವ ಎಣ್ಣೆಯ ಕ್ಯಾನು ಇತ್ತು. ಮರ ಕಡಿಯುವವರು ನಾವು ಅದನ್ನೇ ಬಾಗಿಲ ತಿರುಗಣಿಗೆ, ಹಿಮ ತಳ್ಳುವ ಹಲಗೆಗೆ, ಎಲ್ಲಕ್ಕೂ ಬಳಿಯುತ್ತೇವೆ. ಓಡುವ ಸರಪಳಿಯಿಂದ ಸಿಡಿದು ಹೋಗದ ಹಾಗೆ ಅಂಟು ಬೆರೆಸಿದ ಎಣ್ಣೆ ಅದು. ಬಿಸಿಯಲ್ಲಿ, ಬೂದಿಯಲ್ಲಿ, ಮೂರು ತಿಂಗಳಲ್ಲಿ ಏನಾಗಬೇಕೋ ಅದೇ ಆಗಿತ್ತು.

"ಇದು ಗರಗಸದ ಎಣ್ಣೆ," ಎಂದ ರೋಸೇರ್, ಬೆರಳಿಗೆ ಹಚ್ಚಿ ಮೂಸಿ. "ಬೇರಿಂಗ್ ಸವೆದು ಕಿರುಚೋಕೆ ಶುರುಮಾಡಿರ್ಬೇಕು. ಫೆರ್ನಾಂಡ್ ದಪ್ಪ ಎಣ್ಣೆ ಸುರಿದು ಬಾಯಿ ಮುಚ್ಚಿಸೋಕೆ ನೋಡಿದಾನೆ."

"ಅವನು ಅಂಥ ಕೆಲಸ ಮಾಡೋನಲ್ಲ," ಎಂದಳು ಒಡೆಟ್, ಸಿಂಕಿನ ಹತ್ತಿರದಿಂದ.

"ಕಾಯಿಲೆ ಮನುಷ್ಯ ಒಡೆಟ್. ಕೊನೆಕೊನೆಗೆ ತಲೆ ಎಲ್ಲಿ ಓಡುತ್ತೆ?"

ಅವಳು ತಿರುಗಿ ನೋಡಲಿಲ್ಲ. ನಾನು ಕಡ್ಡಿ ಒರೆಸಿದೆ. ಹೇಳಬೇಕಾದ ಮಾತು ಬಾಯಲ್ಲಿತ್ತು, ನಾಲಗೆಯ ಮೇಲಿಟ್ಟ ಅಂಗಿಯ ಗುಂಡಿಯ ಹಾಗೆ, ರುಚಿಯಿಲ್ಲದೆ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅಣ್ಣನ ಪೆಟ್ಟಿಗೆಯನ್ನು ಆ ಹಸಿರು ಬಾಗಿಲೊಳಗೆ ಸರಿಸಿದಾಗಲೂ ನನ್ನ ಗಮನವೆಲ್ಲ ಕೈಗವಸಿನ ಹರಿದ ಹೊಲಿಗೆಯ ಮೇಲಿತ್ತು.

ಮನೆಯಲ್ಲಿ ಬೆಂಕಿ ಎಲ್ಲೂ ಇರಲಿಲ್ಲವಾದ್ದರಿಂದ ಕಿಟಕಿ ತೆರೆದು ಅಲ್ಲೇ ತೊಳೆದೆವು. ತೂತಿನೊಳಗೆ ಬಣ್ಣ ತೆಳುಮಾಡುವ ದ್ರಾವಣ ಹನಿಸುವುದು, ಮೋಟರಿನ ದಂಡ ತಿರುಗಿಸುವುದು, ಇಳಿದ ಕಂದು ನೀರನ್ನು ಒರೆಸುವುದು. ಮತ್ತೆ ಹನಿಸುವುದು. ಎಂಟನೆಯದೋ ಒಂಬತ್ತನೆಯದೋ ಸಲಕ್ಕೆ ನೀರು ತಿಳಿಯಾಯಿತು. ಪೂರ್ತಿ ಒಣಗಲು ಬಿಟ್ಟೆವು. ಆಗ ದಂಡವನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದೆ. ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ಬೇರಿಂಗ್ ಸವೆದಿರಲಿಲ್ಲ.

ಒಡೆಟ್ ನೆಲಮಾಳಿಗೆಗೆ ಇಳಿದು ಸಣ್ಣ ಡಬ್ಬಿ ತಂದುಕೊಟ್ಟಳು. ಅದರ ಮೇಲೆ ಫೆರ್ನಾಂಡ್‌ನ ಅಕ್ಷರದಲ್ಲಿ 'ಸ್ಟೋವ್' ಎಂದು ಬರೆದಿತ್ತು. ಒಂದೊಂದು ತುದಿಗೆ ಎರಡೆರಡು ಹನಿ ಬಿಟ್ಟು, ಮೋಟರನ್ನು ಸ್ಟೋವಿಗೆ ಸೇರಿಸಿ ಪ್ಲಗ್ ಹಾಕಿದೆ. ಪೆಲೆಟ್‌ಗಳು ಒಂದೊಂದಾಗಿ ಬಿದ್ದವು, ಹೊತ್ತಿದವು. ಕಾಲು ಗಂಟೆಯ ಮೇಲೆ ಮೋಟರ್ ತಿರುಗಿತು. ಕಿರುಚಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ ಇತ್ತು.

"ಗುರುವಾರದ ತನಕ ತಡೆಯುತ್ತಾ?" ಎಂದು ಒಡೆಟ್ ಕೇಳಿದಳು.

ರೋಸೇರ್ ತಲೆ ಕೆರೆದುಕೊಂಡ. "ಸವೆದ ಬೇರಿಂಗ್ ನಂಬೋಕಾಗಲ್ಲ ಒಡೆಟ್. ಇವತ್ತು ಓಡುತ್ತೆ, ನಾಳೆ ನಿಂತೀತು. ನೀನು ಮಲಗಿದ್ದಾಗ ನಿಂತ್ರೆ? ಅಕ್ಕನ ಮನೆಗೆ ಹೋಗ್ಬಿಡು. ಅವನೇನು ಅಲ್ಲಿಂದ ಎದ್ದು ಹೋಗ್ತಾನಾ?"

ಅವಳು ಗಡಿಯಾರ ನೋಡಿದಳು. ಮಲಗುವ ಕೋಣೆಯ ಕಡೆ ಎರಡು ಹೆಜ್ಜೆ ಇಟ್ಟಳು. ಕಪಾಟಿನ ಮೇಲೆ ಪ್ರಯಾಣದ ಪೆಟ್ಟಿಗೆ ಇರುವ ಕಡೆಗೆ.

"ಬೇರಿಂಗ್ ಸವೆದಿಲ್ಲ," ಎಂದೆ. "ತಡೆಯುತ್ತೆ. ಆ ಎಣ್ಣೆ ಹಾಕಿದ್ದು ನಾನು. ಅಕ್ಟೋಬರ್‌ನಲ್ಲಿ. ಆಗ ಅದು ಕಿರುಚ್ತಾನೇ ಇರಲಿಲ್ಲ. ಅವನು ಡಬ್ಬಿ ಎಲ್ಲಿದೆ ಅಂತ ಹೇಳಿದ್ದ, ನಾನು ಇಳಿದು ತರಲಿಲ್ಲ."

ರೋಸೇರ್ ಟೋಪಿ ಎತ್ತಿಕೊಂಡ. ತನ್ನ ಬ್ರಷ್ಷು ವೈರುಗಳನ್ನು ಬಕೆಟ್ಟಿಗೆ ಹಾಕಿಕೊಂಡು ಹಿಂಬಾಗಿಲಿಂದ ಹೋದ.

"ಡಿಸೆಂಬರ್‌ನಿಂದ ಕಿರುಚ್ತಿತ್ತು," ಎಂದಳು ಒಡೆಟ್. "ಅವನ ಮಂಚ ಇಲ್ಲೇ ಇತ್ತು. ಬೆಚ್ಚಗಿರ್ಲಿ ಅಂತ."

"ಗೊತ್ತು."

"ಮೊದಲು ಸಣ್ಣಗೆ. ದಿನಾ ಇಷ್ಟಿಷ್ಟೇ ಜಾಸ್ತಿ. ಎದ್ದ ಮೇಲೆ ನಾನೇ ನೋಡ್ತೀನಿ ಅಂತಿದ್ದ. ಆ ಸದ್ದಿಗೆ ಅವನು ನಿದ್ದೆನೇ ಮಾಡಿರಲಿಲ್ಲ."

ಫೋನ್ ಹೊಡೆದುಕೊಂಡಿತು.

"ಕಳಿಸ್ಬೇಡ ಕಣೇ ಲೂಸಿಲ್," ಎಂದಳು ಅದರೊಳಕ್ಕೆ. "ಸರಿಹೋಯ್ತು. ಇಲ್ಲ, ನಿಲ್ಲಲ್ಲ. ಯಾಕೆ ಕೆಟ್ಟಿತ್ತು ಅಂತ ಗೊತ್ತಾಯ್ತು. ಹ್ಞೂಂ. ಮೇ ಆದ್ಮೇಲೆ ಬರ್ತೀನಿ."

ಫೋನ್ ಇಟ್ಟು ಕೋಟು ತೆಗೆದು ಮೊಳೆಗೆ ಸಿಕ್ಕಿಸಿದಳು. ಪೆಲೆಟ್ ಚೀಲವನ್ನು ತಾನೇ ಎತ್ತಿ, ಮಂಡಿಯ ಮೇಲಿಟ್ಟುಕೊಂಡು ಸ್ಟೋವಿಗೆ ಸುರಿದಳು. ಸಹಾಯಕ್ಕೆ ಕೈ ಚಾಚಿದೆ. ಅವಳು ಚೀಲವನ್ನು ಆ ಕಡೆಗೆ ತಿರುಗಿಸಿಕೊಂಡಳು.

"ಶನಿವಾರ ಚೀಲ ತಂದು ಹಾಕ್ತೀನಿ," ಎಂದೆ.

"ಬೇಡ. ರೋಸೇರ್‌ಗೆ ಹೇಳ್ತೀನಿ."

"ಮೇ ತಿಂಗಳಲ್ಲಿ, ಅವನನ್ನ ಮಣ್ಣು ಮಾಡೋವಾಗ?"

"ಅಣ್ಣ ನಿನ್ನವನು. ಬರಬೇಡ ಅನ್ನೋಕೆ ನಾನ್ಯಾರು?"

ಉಪಕರಣಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿಕೊಂಡೆ. ಬಾಗಿಲು ತೆಗೆದಾಗ ಬೆನ್ನಿಗೆ ಬಿಸಿಗಾಳಿ ತಾಗಿತು. ಅದು ಹೊರಗೆ ಹೋಗದ ಹಾಗೆ ಬೇಗ ಮುಚ್ಚಿದೆ.