ಪುಟಸಂಖ್ಯೆ ಇಲ್ಲದ ಪುಸ್ತಕ

2019ರ ಮಾರ್ಚ್ 9, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಸಂಗೀತ ಶಾಲೆಯ ಎರಡನೇ ಮಹಡಿಯ ಪರೀಕ್ಷೆ ಕೋಣೆಯಲ್ಲಿ ಅಕ್ಕ ಪಿಯಾನೊ ಮುಂದೆ ಕೂತು ಸ್ಟೂಲಿನ ಎತ್ತರ ಸರಿಮಾಡಿಕೊಂಡಳು. ಅವಳ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ, ಪುಟ ತಿರುವಲು ತಮ್ಮ ನಿಂತಿದ್ದ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಶಾಲೆಯ ಮುಖ್ಯಸ್ಥೆ ಮಡಿಲಲ್ಲಿ ಫೈಲು ಇಟ್ಟುಕೊಂಡು ಕೂತಿದ್ದರು.

ತಮ್ಮ ಎಂದರೆ ಐವತ್ತೆರಡು ವರ್ಷದ, ತಲೆ ಅರ್ಧ ಬೋಳಾದ ತಮ್ಮ. ಪಿಯಾನೊ ಕಲಿಯುವವರಿಗೆ ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಸ್ವರಲಿಪಿ ಜೋಡಿಸುತ್ತಿದ್ದ. ಮೊದಲು ಕೈಯಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಐದು ಗೆರೆಗಳ ಮೇಲೆ ಕೂತ ಚುಕ್ಕಿಗಳನ್ನು ನೋಡಿದರೆ ರಾಗ ಅವನ ತಲೆಯೊಳಗೆ ಓಡುತ್ತಿತ್ತು. ಬೆರಳಿಗೆ ಮಾತ್ರ ಒಂದು ಸಾಲೂ ಇಳಿಯುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ಅವನನ್ನು ಎಲ್ಲರೂ ಮಿಲಿಮೀಟರ್ ಎಂದೇ ಕರೆಯುತ್ತಿದ್ದರು. ಜೇಬಿನಲ್ಲಿ ಪೆನ್ನಿನ ಪಕ್ಕ ಹದಿನೈದು ಸೆಂಟಿಮೀಟರಿನ ಉಕ್ಕಿನ ಅಳತೆಪಟ್ಟಿ ಸದಾ ಇರುತ್ತಿತ್ತು. "ಇವನಿಗೆ ಮದುವೆ ಯಾಕಾಗ್ಲಿಲ್ಲ ಗೊತ್ತಾ? ನೋಡೋಕೆ ಹೋದ ಹುಡುಗಿ ಎರಡು ಮಿಲಿಮೀಟರ್ ಎಡಕ್ಕೆ ವಾಲಿದ್ಲಂತೆ" ಎಂದು ಬೈಂಡಿಂಗ್ ಮಾಡುವವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಈಗ ಸ್ಟ್ಯಾಂಡಿನ ಮೇಲಿದ್ದ ಪುಸ್ತಕ ಅವನೇ ಅಕ್ಕನಿಗಾಗಿ ಮಾಡಿದ್ದು. ಎರಡು ವರ್ಷದ ಹಿಂದೆ ಒಂದು ದಿನ ಅವಳು, "ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದ ಹಾಗೆ ಕಾಣ್ತವೆ ಕಣೋ" ಎಂದಿದ್ದಳು. ಸಾಮಾನ್ಯ ಪುಸ್ತಕದಲ್ಲಿ ಐದು ಗೆರೆಗಳ ಒಟ್ಟು ಎತ್ತರ ಏಳು ಮಿಲಿಮೀಟರ್. ತಮ್ಮ ಒಂಬತ್ತು ಮಾಡಿಕೊಟ್ಟ. ಆಮೇಲೆ ಹನ್ನೆರಡು, ಹದಿನೈದು. ಈ ಪುಸ್ತಕದಲ್ಲಿ ಹದಿನೆಂಟು. ಎತ್ತರ ಎರಡೂವರೆ ಪಟ್ಟಾದರೆ ಹಿಡಿಯುವ ಜಾಗ ಆರು ಪಟ್ಟಿಗೂ ಮೇಲೆ. ಒಂದು ಹಾಳೆಯ ಹಾಡು ಏಳು ಹಾಳೆಗೆ ಹಬ್ಬುತ್ತಿತ್ತು. ಹಾಳೆಯ ಒಂದೇ ಬದಿಗೆ ಅಚ್ಚು; ಪುಟಕ್ಕೆ ನಾಲ್ಕೇ ಬಾರ್, ಅಂದರೆ ತಾಳದ ನಾಲ್ಕು ಸುತ್ತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಪ್ರತಿ ಸಲ ಅವನು "ಈಗ ಹೇಗಿದೆ?" ಎಂದು ಕೇಳುತ್ತಿದ್ದ. ಪ್ರತಿ ಸಲ ಅವಳು "ಪರವಾಗಿಲ್ಲ" ಎನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಅವನು ವಾರಗಟ್ಟಲೆ ಕೂತು ಕೆಲಸ ಮಾಡುತ್ತಿದ್ದ.

ಅಕ್ಕ ಈ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಹಾಡುವ ಮಕ್ಕಳಿಗೆ ಪಿಯಾನೊ ಜೊತೆ ಕೊಡುತ್ತಿದ್ದಳು. ಈಚೆಗೆ ಮುಖ್ಯಸ್ಥೆಗೆ ಅವಳ ಕಣ್ಣಿನ ಬಗ್ಗೆ ಅನುಮಾನ ಶುರುವಾಗಿತ್ತು. ಸೋಮವಾರ ಒಂಬತ್ತು ಗಂಟೆಗೆ ಮಕ್ಕಳ ಪರೀಕ್ಷೆ. ಅದರಲ್ಲಿ ಎರಡು ಭಾಗ. ಮೊದಲನೆಯದು ಮಕ್ಕಳೇ ಆರಿಸಿಕೊಂಡ ಹಾಡು. ಅದರ ಹಾಳೆ ಒಂದು ವಾರ ಮೊದಲೇ ಕೈಗೆ ಬರುತ್ತದೆ. ಎರಡನೆಯದು ಮುಚ್ಚಿದ ಲಕೋಟೆ. ಅದರೊಳಗಿನ ಒಂದು ಪುಟವನ್ನು ಮಗುವೂ ಪಿಯಾನೊದವರೂ ಅಲ್ಲೇ ಮೊದಲ ಸಲ ನೋಡಿ, ಎರಡು ನಿಮಿಷ ಓದಿಕೊಂಡು, ಅಲ್ಲೇ ನುಡಿಸಬೇಕು. ಅದು ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಮುಖ್ಯಸ್ಥೆ ಮೆತ್ತಗೆ, ಆದರೆ ಎರಡು ಸಲ ಹೇಳಿದ್ದರು. ತಮ್ಮ ಹೋಗಿ ಅವರನ್ನು ಕಾಡಿ ಬೇಡಿ ಒಂದು ಅನುಮತಿ ಪಡೆದಿದ್ದ: ಲಕೋಟೆ ಒಡೆದ ಕೂಡಲೇ ಆಫೀಸಿನ ಸ್ಕ್ಯಾನರು, ಕಂಪ್ಯೂಟರಿನಲ್ಲಿ ಅಕ್ಕನ ಪ್ರತಿಯನ್ನು ದೊಡ್ಡದು ಮಾಡಿಕೊಳ್ಳಬಹುದು. ದೊಡ್ಡ ಹಾಳೆ ನೋಡಿ ಅವಳು ನುಡಿಸಬಲ್ಲಳೇ ಎಂದು ಖಚಿತ ಮಾಡಿಕೊಳ್ಳಲು ಇವತ್ತಿನ ತಾಲೀಮು.

"ಶುರು ಮಾಡಿ" ಎಂದರು ಮುಖ್ಯಸ್ಥೆ.

ಅಕ್ಕ ಕತ್ತು ಸ್ವಲ್ಪ ಮುಂದೆ ಚಾಚಿ, ಹಾಳೆಯನ್ನೇ ದಿಟ್ಟಿಸಿ ನುಡಿಸತೊಡಗಿದಳು. ಮಕ್ಕಳು ಆರಿಸಿಕೊಂಡ ಹಾಡುಗಳಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ್ದು. ನಾಲ್ಕು ಬಾರ್ ಮುಗಿಯಿತು, ಅವಳು ತಲೆ ಆಡಿಸಿದಳು, ತಮ್ಮ ಪುಟ ತಿರುವಿದ. ಮತ್ತೆ ನಾಲ್ಕು, ಮತ್ತೆ ತಲೆ. ನಾಲ್ಕನೇ ಪುಟವನ್ನೂ ತಿರುವಿದ. ಎದುರಿಗಿದ್ದುದು ಐದನೇ ಪುಟವಲ್ಲ, ಒಂಬತ್ತನೆಯದು.

ತಪ್ಪು ಎಲ್ಲಿ ಆಯಿತೆಂದು ಅವನಿಗೆ ಆ ಕ್ಷಣವೇ ಹೊಳೆಯಿತು. ಪಿಯಾನೊ ಪುಸ್ತಕದಲ್ಲಿ ಸ್ವರದ ಹತ್ತಿರ ಬರೆದ ಸಣ್ಣ ಅಂಕಿ ಬೆರಳನ್ನು ಸೂಚಿಸುತ್ತದೆ: ಹೆಬ್ಬೆರಳಿಗೆ ಒಂದು, ಕಿರುಬೆರಳಿಗೆ ಐದು. ಇಷ್ಟು ದೊಡ್ಡ ಹಾಳೆಯಲ್ಲಿ ಕೊನೆಯ ಸ್ವರ ಅಂಚಿಗೇ ಬಂದು ಕೂರುವುದರಿಂದ, ಪುಟಸಂಖ್ಯೆಯನ್ನು ಅಕ್ಕ ಬೆರಳಿನ ಅಂಕಿಯೆಂದು ತಿಳಿದು ಎಡವಬಾರದೆಂದು ಅವನು ಪುಟಸಂಖ್ಯೆಗಳನ್ನೇ ತೆಗೆದುಹಾಕಿದ್ದ. ಸಂಖ್ಯೆ ಇಲ್ಲದ ಹಾಳೆಗಳನ್ನು ಜೋಡಿಸುವಾಗ ಎರಡು ಕಟ್ಟು ಅದಲುಬದಲಾಗಿತ್ತು. ಮೂರು ಸಾವಿರ ಪುಟ ಸರಿಯಾಗಿ ಜೋಡಿಸಿದವನು ಸ್ವಂತ ಅಕ್ಕನ ಪುಸ್ತಕದಲ್ಲೇ ಮುಗ್ಗರಿಸಿದ್ದ.

ಈಗ ನಿಲ್ಲುತ್ತಾಳೆ, ತನ್ನ ಕಡೆ ತಿರುಗಿ ಗದರುತ್ತಾಳೆ ಎಂದು ಅವನು ಕಾದ. ಅಕ್ಕ ನಿಲ್ಲಲಿಲ್ಲ. ಕಣ್ಣು ಒಂಬತ್ತನೇ ಪುಟದ ಮೇಲೆ ನೆಟ್ಟಿತ್ತು, ಬೆರಳು ಐದನೇ ಪುಟ ನುಡಿಸುತ್ತಿತ್ತು. ಹಾಳೆಯಲ್ಲಿ ಎಡಗೈಗೆ ಬಿಡುವಿತ್ತು. ಅವಳ ಎಡಗೈ ಮೂರು ಸ್ವರ ಒಟ್ಟಿಗೆ ಒತ್ತಿತು. ನಾಲ್ಕನೇ ಬಾರ್ ಮುಗಿದಾಗ ಸರಿಯಾಗಿ ತಲೆ ಆಡಿಸಿದಳು. ತಮ್ಮನ ಕೈ ಮೇಲೇಳಲಿಲ್ಲ. ಅವಳು ಇನ್ನೊಮ್ಮೆ ತಲೆ ಆಡಿಸಿದಳು, ಮುಂದಕ್ಕೆ ಹೋದಳು. ಪುಟ ತಿರುವಿಲ್ಲ ಎನ್ನುವುದು ಅವಳಿಗೆ ತಿಳಿಯಲೇ ಇಲ್ಲ. ಹಾಡು ಕೊನೆಯವರೆಗೆ ಒಂದು ಸ್ವರವೂ ತಪ್ಪದೆ ಮುಗಿಯಿತು.

"ನೋಡಿದ್ರಾ, ನಾನೇ ಸುಮ್ನೆ ತಲೆ ಕೆಡಿಸ್ಕೊಂಡಿದ್ದೆ" ಎಂದರು ಮುಖ್ಯಸ್ಥೆ, ನಿಜವಾದ ಸಂತೋಷದಿಂದ. "ಕಣ್ಣು ಚೆನ್ನಾಗೇ ಇದೆಯಲ್ಲ! ಸೋಮವಾರ ಲಕೋಟೆ ಬಂದ ತಕ್ಷಣ ನಿಮ್ಮ ತಮ್ಮನ ಕೈಗೆ ಕೊಡ್ತೀನಿ. ಸರಿ ತಾನೆ?"

"ಸರಿ ಮೇಡಂ" ಎಂದಳು ಅಕ್ಕ. ತಮ್ಮನೂ ಸರಿ ಎಂದ.

ಮೆಟ್ಟಿಲು ಇಳಿಯುವಾಗ ಅವಳ ತುಟಿ ಅಲುಗಾಡುತ್ತಿತ್ತು. ಗುನುಗುತ್ತಿದ್ದಾಳೆ ಎಂದುಕೊಂಡಿದ್ದ ಇಷ್ಟು ದಿನ. ಇವತ್ತು ಕಿವಿಗೊಟ್ಟ. ಹನ್ನೊಂದು, ಹನ್ನೆರಡು, ಹದಿಮೂರು. ಮೆಟ್ಟಿಲು ಎಣಿಸುತ್ತಿದ್ದಳು. ಮನೆಯಲ್ಲಿ ಅವಳು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಾಗಲೆಲ್ಲ, ಮೇಜಿನ ಅಂಚಿನ ಲೋಟ ಉರುಳಿಸಿದಾಗಲೆಲ್ಲ "ಮೈಮೇಲೆ ಎಚ್ಚರ ಇಲ್ವಾ ನಿಂಗೆ?" ಎಂದು ಅವನು ರೇಗಿದ್ದ. ಆ ಮಾತುಗಳೆಲ್ಲ ಈಗ ಒಂದೊಂದಾಗಿ ಅವನ ಬೆನ್ನ ಹಿಂದೆಯೇ ಇಳಿದು ಬರುತ್ತಿದ್ದವು.

ಮನೆ ಎರಡು ಕೋಣೆಯದು. ಒಂದರಲ್ಲಿ ಪಿಯಾನೊ, ಇನ್ನೊಂದರಲ್ಲಿ ಉಳಿದದ್ದೆಲ್ಲ. ಅವನು ಪಿಯಾನೊ ಮೇಲೆ ಪುಸ್ತಕ ತೆರೆದಿಟ್ಟು, ಐದನೇ ಹಾಳೆಯ ಮೇಲೆ ಕೈಯಿಟ್ಟ.

"ಅಕ್ಕಾ, ಇದು ಯಾವ ಪುಟ?"

"ನೀನೇ ಮಾಡಿದ ಪುಸ್ತಕ, ನನ್ನ ಕೇಳ್ತೀಯಲ್ಲೋ."

"ಹೇಳು."

ಅವಳು ಹಾಳೆಯ ಕಡೆ ನೋಡಲೂ ಇಲ್ಲ. ಕೈಚೀಲ ಬಿಚ್ಚಿ ಕರವಸ್ತ್ರ ತೆಗೆದು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ತಪ್ಪಾಗಿ ಜೋಡಿಸಿದ್ದೀಯಾ?"

"ಹೂಂ."

"ಅಯ್ಯೋ ಮಿಲಿಮೀಟರೇ" ಎಂದು ನಕ್ಕಳು. "ಇಪ್ಪತ್ತೊಂಬತ್ತು ವರ್ಷಕ್ಕೊಂದು ತಪ್ಪು ಮಾಡ್ದೆ. ಅದರಲ್ಲೇ ನಾನು ಸಿಕ್ಕಿಬಿದ್ದೆ ನೋಡು."

"ಎಷ್ಟು ದಿನದಿಂದ?"

"ಹನ್ನೆರಡು ಮಾಡಿದ್ಯಲ್ಲ, ಆವಾಗಿನಿಂದ."

ಅವನಿಗೆ ಒಂದೊಂದೇ ನೆನಪಾಯಿತು. ಪ್ರತಿ ಹೊಸ ಹಾಡಿಗೂ ಅವಳು "ತಪ್ಪೇನಾದ್ರೂ ಇದೆಯಾ ನೋಡೋಣ, ಒಂದ್ಸಲ ಕಂಪ್ಯೂಟರಲ್ಲಿ ನುಡಿಸು" ಎನ್ನುತ್ತಿದ್ದಳು. ತಪ್ಪು ಹುಡುಕುವ ನೆಪದಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡುತ್ತಿದ್ದಳು. ಪುಟಕ್ಕೆ ನಾಲ್ಕು ಬಾರ್ ಎಂಬುದು ಗೊತ್ತಿದ್ದರಿಂದ ಎಣಿಸಿ ತಲೆ ಆಡಿಸುತ್ತಿದ್ದಳು.

"ಡಾಕ್ಟರ್ ಹತ್ರ ಹೋಗಿದ್ದೆ" ಎಂದಳು. "ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ನರ ಸವೆದಿದೆಯಂತೆ. ಸುತ್ತಲಿಂದ ಮುಚ್ಕೊಂಡು ಬರುತ್ತೆ, ಕೊಳವೆಯೊಳಗಿಂದ ನೋಡಿದ ಹಾಗೆ. ಹೋದದ್ದು ಹೋಯ್ತು, ಉಳಿದದ್ದು ಉಳಿಸೋಕೆ, ದಿನಾ ಕಣ್ಣಿಗೆ ಹಾಕ್ಕೋತೀನಲ್ಲ, ಆ ಹನಿ. ಕಣ್ಣು ಒಣಗುತ್ತೆ, ಅದಕ್ಕೆ ಅಂತ ನಿಂಗೆ ಹೇಳಿದ್ದೆ."

"ಮತ್ತೆ ದೊಡ್ಡದು ಮಾಡಿದ್ರೆ..."

"ಪುಟ್ಟಾ." ಅವಳು ಅವನನ್ನು ಆ ಹೆಸರಿನಿಂದ ಕರೆದು ವರ್ಷಗಳಾಗಿದ್ದವು. "ನಂಗೆ ಕಾಣೋ ಕಿಟಕಿ ಚಿಕ್ಕದಾಗ್ತಾ ಇತ್ತು. ನೀನು ಹಾಳೆ ದೊಡ್ಡದು ಮಾಡ್ತಾ ಹೋದಷ್ಟೂ ನಂಗೆ ಕಮ್ಮಿ ಕಾಣ್ತಾ ಹೋಯ್ತು. ಬಲಗೈ ಸಾಲು ನೋಡಿದ್ರೆ ಅದರ ಕೆಳಗಿನ ಎಡಗೈ ಸಾಲು ಕಾಣಲ್ಲ. ಕೆಳಗೆ ನೋಡೋಷ್ಟರಲ್ಲಿ ಹಾಡೋ ಮಗು ಮುಂದಿನ ಬಾರ್‌ಗೆ ಹೋಗಿರುತ್ತೆ."

"ಹೇಳೋಕೆ ಏನಾಗಿತ್ತು ನಿಂಗೆ?"

"ಹೇಗೆ ಹೇಳ್ಲಿ? ಬಾಗಿಲಿಗೇ ಓಡಿಬಂದು, ಚಪ್ಪಲಿ ಕೂಡ ಬಿಡದೆ, ಈಗ ಹೇಗಿದೆ, ಈಗ ಹೇಗಿದೆ ಅಂತ ಕೇಳ್ತಿದ್ದೆ. ಮುಖ ನೋಡಬೇಕಿತ್ತು ನಿಂದು. ಅಷ್ಟು ಮಾತ್ರ ಚೆನ್ನಾಗಿ ಕಾಣ್ತಿತ್ತು."

ತಮ್ಮ ಇನ್ನೊಂದು ಕೋಣೆಗೆ ಹೋಗಿ ನೀರು ಕುಡಿದ. ಲೋಟ ಮೇಜಿನ ನಡುವೆ, ಅಂಚಿನಿಂದ ದೂರ ಇಟ್ಟ. ವಾಪಸ್ ಬಂದಾಗ ಅವನ ಮುಖದಲ್ಲಿ ಪ್ರೆಸ್ಸಿನವರು ನೋಡಿ ನಗುತ್ತಿದ್ದ ಆ ಹಟವಿತ್ತು.

"ಹಾಗಾದ್ರೆ ದೊಡ್ಡದು ಬೇಡ. ಚಿಕ್ಕದು ಮಾಡೋಣ. ಎರಡೂ ಸಾಲು ನಿನ್ನ ಕಿಟಕಿಯೊಳಗೆ ಹಿಡಿಸಬೇಕು, ಅಷ್ಟೇ ತಾನೆ?"

"ಚಿಕ್ಕದು ಮಂಜಾಗುತ್ತೆ ಕಣೋ."

"ಎಷ್ಟು ಚಿಕ್ಕದಕ್ಕೆ ಮಂಜು? ಅದು ಗೊತ್ತಾಗ್ಬೇಕು."

ಮಧ್ಯಾಹ್ನವೆಲ್ಲ ಅವನು ಮನೆಯ ಕಂಪ್ಯೂಟರಿನಲ್ಲಿ ಬೇರೆ ಬೇರೆ ಎತ್ತರದ ಸಾಲು ಅಚ್ಚು ಹಾಕಿ ತಂದು ಸ್ಟ್ಯಾಂಡಿನ ಮೇಲೆ ಇಟ್ಟ. ಅಕ್ಕನ ಕಣ್ಣಿನಿಂದ ಹಾಳೆಗೆ ಅರವತ್ತು ಸೆಂಟಿಮೀಟರ್, ದಾರ ಹಿಡಿದು ಅಳೆದ. ಬಾಯಿಪಾಠಕ್ಕೆ ಅವಕಾಶವಿಲ್ಲದಂತೆ ಸ್ವರಗಳನ್ನು ಮನಸ್ಸಿಗೆ ಬಂದ ಹಾಗೆ ಚೆಲ್ಲಿದ್ದ. ಏಳರಲ್ಲಿ ಅವಳಿಗೆ ಬೂದು ಪಟ್ಟಿ ಮಾತ್ರ ಕಂಡಿತು. ಒಂಬತ್ತರಲ್ಲಿ ಹತ್ತಕ್ಕೆ ನಾಲ್ಕು ಸರಿ. ಹನ್ನೊಂದರಲ್ಲಿ ಏಳು. ಹನ್ನೆರಡರಲ್ಲಿ ಹತ್ತಕ್ಕೆ ಹತ್ತು.

"ಹನ್ನೆರಡು!" ಎಂದ ತಮ್ಮ, ದೊಡ್ಡ ಧ್ವನಿಯಲ್ಲಿ.

"ನೋಡು, ಮತ್ತೆ ಅದೇ ಮುಖ" ಎಂದಳು ಅಕ್ಕ.

ಅವನು ಲೆಕ್ಕ ಹಾಕಿದ. ಬಲಗೈ ಸಾಲು ಹನ್ನೆರಡು, ಎಡಗೈ ಸಾಲು ಹನ್ನೆರಡು. ಗೆರೆಗಳನ್ನು ದಾಟಿ ಮೇಲೆ ಹೋಗುವ ಸ್ವರಗಳಿಗೆ ಒಂಬತ್ತು, ಕೆಳಗೆ ಇಳಿಯುವ ಸ್ವರಗಳಿಗೆ ಒಂಬತ್ತು. ಎರಡು ಸಾಲುಗಳ ನಡುವೆ ಸಾಧಾರಣವಾಗಿ ಇಪ್ಪತ್ತೆರಡು, ಅಲ್ಲಿ ಹಿಂಡಿದ. ಸ್ವರಕ್ಕೆ ಸ್ವರ ತಾಗದಂತೆ, ಹಾಡಿನ ಮಾತುಗಳನ್ನು ತೆಗೆದು, ಜೋರು-ಮೆಲ್ಲಗೆ ಎಂಬ ಗುರುತುಗಳನ್ನೂ ಅಳಿಸಿ ಹದಿನಾರಕ್ಕೆ ತಂದ. ಅದಕ್ಕಿಂತ ಕಡಿಮೆ ಮಾಡಿದರೆ ಯಾವ ಸ್ವರ ಯಾವ ಕೈಯದು ಎಂದು ತಿಳಿಯುವುದಿಲ್ಲ. ಒಟ್ಟು ಐವತ್ತೆಂಟು ಮಿಲಿಮೀಟರ್. ಕಿಟಕಿ ಅಷ್ಟಿದ್ದರೆ ಸಾಕು.

"ಸ್ವಲ್ಪ ಹಿಂದೆ ಕೂತ್ಕೊಂಡ್ರೆ?" ಎಂದಳು ಅಕ್ಕ. ಅವಳಿಗೂ ಈಗ ಆಸೆ ಹುಟ್ಟಿತ್ತು. ಅದು ಅವಳ ಧ್ವನಿಯಲ್ಲಿ ಕೇಳುತ್ತಿತ್ತು. "ಆಗ ಜಾಸ್ತಿ ಜಾಗ ಕಾಣುತ್ತಲ್ಲ?"

ತಮ್ಮ ಕಾಗದದ ಮೇಲೆ ಕಣ್ಣೊಂದನ್ನು ಬರೆದು, ಅದರಿಂದ ಎರಡು ಗೆರೆ ಎಳೆದ. ಹಿಂದೆ ಹೋದಷ್ಟೂ ಕಿಟಕಿ ಅಗಲವಾಗುತ್ತದೆ, ಅಷ್ಟೇ ಪಾಲು ಚುಕ್ಕಿಯೂ ಚಿಕ್ಕದಾಗಿ ಕಾಣುತ್ತದೆ. ಆಗ ಹನ್ನೆರಡು ಸಾಲದು, ಹದಿನಾಲ್ಕು ಬೇಕು. ಅನುಪಾತ ಅದೇ. ಆ ಚಿತ್ರವನ್ನು ಅವಳಿಗೆ ತೋರಿಸದೆ ಮಡಿಸಿ ಜೇಬಿಗಿಟ್ಟ. "ಇಲ್ಲ ಅಕ್ಕಾ. ಇದೇ ದೂರ ಸರಿ."

ಬಿಳಿ ರಟ್ಟಿನ ನಡುವೆ ಕಪ್ಪು ಚುಕ್ಕಿ ಇಟ್ಟು ಸ್ಟ್ಯಾಂಡಿಗೆ ಒರಗಿಸಿದ. "ಚುಕ್ಕಿಯನ್ನೇ ನೋಡ್ತಿರು. ಪೆನ್ಸಿಲ್ ತುದಿ ಕಂಡ ಕೂಡಲೇ ಬಂತು ಅನ್ನು. ಕಣ್ಣು ಆಡಿಸ್ಬೇಡ."

"ಆಡಿಸಿದ್ರೆ ನಂಗೇ ಲಾಭ."

"ಅದಕ್ಕೇ ಹೇಳ್ತಿರೋದು."

ಮೇಲಿನಿಂದ ಪೆನ್ಸಿಲನ್ನು ನಿಧಾನ ಇಳಿಸಿದ. ರಟ್ಟಿನ ಅಂಚು ದಾಟಿತು, ಚುಕ್ಕಿಗೆ ಅರ್ಧ ದಾರಿ ದಾಟಿತು. ಇನ್ನೂ ಇಳಿಸಿದ. ಈಗ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದುಕೊಳ್ಳುತ್ತ ಒಂದೊಂದೇ ಮಿಲಿಮೀಟರ್ ಸರಿಸಿದ. "ಬಂತು" ಎಂದಳು. ಗುರುತು ಹಾಕಿದ. ಕೆಳಗಿನಿಂದ ಮೇಲಕ್ಕೆ ತಂದ. "ಬಂತು." ಎರಡು ಗುರುತುಗಳ ನಡುವೆ ಉಕ್ಕಿನ ಪಟ್ಟಿ ಇಟ್ಟು ನೋಡಿದ. ಇನ್ನೊಂದು ರಟ್ಟು ತೆಗೆದುಕೊಂಡ. ಅದಾದ ಮೇಲೆ ಮೂರನೆಯದು. ಒಂದೇ ಅಳತೆಯನ್ನು ಅವನು ಎಂದೂ ನಂಬಿದವನಲ್ಲ. ಇವತ್ತು ಮೂರನ್ನೂ ನಂಬಲು ಮನಸ್ಸಿರಲಿಲ್ಲ.

ಮೂರು ರಟ್ಟುಗಳನ್ನು ಪಿಯಾನೊದ ಮುಚ್ಚಳದ ಮೇಲೆ ಸಾಲಾಗಿ ಇಟ್ಟ. ನಡುವಿನ ಜಾಗದಲ್ಲಿ ಇನ್ನೇನಾದರೂ ಹಿಂಡಬಹುದೇ ಎಂದು ಯೋಚಿಸಿದ. ಹೊರಗೆ ಬೀಳುವ ಸ್ವರಗಳನ್ನು ಕೈಬಿಟ್ಟರೆ? ಆಗ ಅದು ಲಕೋಟೆಯಲ್ಲಿದ್ದ ಹಾಡಲ್ಲ. ಸೋಮವಾರ ಅಲ್ಲಿ ನಿಂತು ಹಾಡುವ ಮಗುವಿಗೆ ಬೇರೆ ಹಾಡು ಕೊಟ್ಟಂತೆ.

ಪಕ್ಕದ ಮನೆಯಲ್ಲಿ ಯಾರೋ ಕುರ್ಚಿ ಎಳೆದರು. ಅಕ್ಕ ಇನ್ನೂ ಕಪ್ಪು ಚುಕ್ಕಿ ಇದ್ದ ಕಡೆಯೇ ನೋಡುತ್ತಿದ್ದಳು, ರಟ್ಟು ಅಲ್ಲಿರಲಿಲ್ಲ.

"ಎಷ್ಟು ಬೇಕು ಅಂದೆ?"

"ಐವತ್ತೆಂಟು."

"ಎಷ್ಟು ಬಂತು?"

ಅವನು ಮೂರು ರಟ್ಟುಗಳ ಅಂಚನ್ನು ಸಮ ಮಾಡಿದ.

"ನಿಜ ಹೇಳೋ. ಸುಳ್ಳು ನಾನು ಹೇಳಿದ್ದೇ ಸಾಕು ಈ ಮನೇಲಿ."

ಅವನು ಪಟ್ಟಿಯನ್ನು ಮತ್ತೊಮ್ಮೆ ಇಟ್ಟು ನೋಡಿದ. ಮೊದಲನೆಯದು ಐವತ್ತು, ಎರಡನೆಯದು ಐವತ್ತೆರಡು, ಮೂರನೆಯದು ಐವತ್ತೊಂದು. ಸರಾಸರಿ ಐವತ್ತೊಂದು ಮಿಲಿಮೀಟರ್, ಬೇಕಾದದ್ದಕ್ಕಿಂತ ಏಳು ಕಡಿಮೆ.